ಬೇರೆಯವರ ಗಡ್ಡಕ್ಕೆ ಕತ್ತಿ ಹಿಡಿಯುವ ಮೊದಲು

ಪ್ರಶ್ನೆ: ಹಲವು ವರ್ಷಗಳಿಂದ ಹೇರ್ ಕಟಿಂಗ್ ಮಾಡುತ್ತಿದ್ದೇನೆ. ಕತ್ತರಿ, ಟ್ರಿಮ್ಮರ್ ಎರಡರಲ್ಲೂ ಕೈ ಪಳಗಿದೆ. ಈಗ ಗಿರಾಕಿಗಳು ಬಿಸಿ ಟವೆಲ್ ಹಾಕಿ ಮಾಡುವ ಕತ್ತಿ ಶೇವಿಂಗ್ ಕೇಳುತ್ತಿದ್ದಾರೆ. ಮನೆಯಲ್ಲಿ ನನ್ನ ಗಡ್ಡವನ್ನು ನಾನೇ ಹಳೇ ಕಾಲದ ಮಡಚುವ ಕತ್ತಿಯಲ್ಲಿ ತೆಗೆದುಕೊಳ್ಳುತ್ತೇನೆ. ಆದರೆ ಬೇರೆಯವರ ಕುತ್ತಿಗೆ ಮೇಲೆ ಕತ್ತಿ ಇಡೋಕೆ ಭಯ. ಅಂಗಡಿಗೆ ಯಾವ ಕತ್ತಿ ತಗೊಳ್ಳಲಿ? ಬಲೂನಿನ ಮೇಲೆ ಅಭ್ಯಾಸ ಮಾಡಿದರೆ ಸಾಕಾ? ದುಡ್ಡು ತಗೊಂಡು ಮಾಡೋ ಮಟ್ಟಕ್ಕೆ ಬರೋಕೆ ಎಷ್ಟು ದಿನ ಬೇಕು? ರಕ್ತ ಬಂದರೆ ಏನು ಮಾಡೋದು?

ಉತ್ತರ: ಭಯ ಇದೆ ಅಂತ ಬರೆದಿದ್ದೀರಿ, ಇರಲಿ ಬಿಡಿ. ಕತ್ತಿ ಶೇವಿಂಗ್ ಕಲಿಯೋಕೆ ಬರುವವರಲ್ಲಿ ನನಗೆ ದಿಗಿಲು ಹುಟ್ಟಿಸುವವರು ಭಯವೇ ಇಲ್ಲದವರು. ಕೈ ನಡುಗುವುದು ಬೇರೆ, ಮನಸ್ಸು ಹಿಂಜರಿಯುವುದು ಬೇರೆ. ಎರಡನೆಯದು ಅಭ್ಯಾಸದಲ್ಲಿ ತಾನಾಗೇ ಕಳೆಯುತ್ತದೆ.

ಮನೆಯಲ್ಲಿ ನಿಮ್ಮ ಗಡ್ಡ ನೀವೇ ತೆಗೆದ ಅನುಭವ ಎಷ್ಟು ಉಪಯೋಗಕ್ಕೆ ಬರುತ್ತದೆ? ನೀವು ಅಂದುಕೊಂಡಿರುವುದಕ್ಕಿಂತ ಕಡಿಮೆ. ನಿಮ್ಮ ಕೆನ್ನೆ ಮೇಲೆ ಕತ್ತಿ ಓಡುವಾಗ ಸುದ್ದಿ ಎರಡು ಕಡೆಯಿಂದ ಬರುತ್ತದೆ. ಕೈಗೂ ಗೊತ್ತಾಗುತ್ತದೆ, ಕೆನ್ನೆಗೂ ಗೊತ್ತಾಗುತ್ತದೆ. ಒತ್ತಡ ಸ್ವಲ್ಪ ಜಾಸ್ತಿಯಾದರೆ ಚರ್ಮ ಉರಿಯುತ್ತದೆ, ನೀವು ಯೋಚಿಸುವ ಮೊದಲೇ ಕೈ ಹಗುರಾಗುತ್ತದೆ. ಬೇರೆಯವರ ಮುಖದ ಮೇಲೆ ಆ ಸುದ್ದಿ ಬರುವುದಿಲ್ಲ. ಗಿರಾಕಿ ಕಣ್ಣು ಮುಚ್ಚಿ ಒರಗಿರುತ್ತಾರೆ. ಸ್ವಲ್ಪ ಉರಿದರೂ ಸಂಕೋಚಕ್ಕೆ ಸುಮ್ಮನಿರುತ್ತಾರೆ. ಆ ಕೊರತೆಯನ್ನು ನಿಮ್ಮ ಕಣ್ಣು, ಕಿವಿ ಮತ್ತು ಎಡಗೈ ಬೆರಳುಗಳು ತುಂಬಬೇಕು. ಈ ಕೆಲಸ ಕಲಿಯುವುದು ಅಂದರೆ ಮುಕ್ಕಾಲು ಪಾಲು ಎಡಗೈಗೆ ಕಲಿಸುವುದು. ನೀವು ಎಡಚರಾದರೆ ಬಲಗೈ ಅಂತ ಓದಿಕೊಳ್ಳಿ.

ಇನ್ನು ಕತ್ತಿಯ ವಿಚಾರ. ಅಂಗಡಿಗೆ ಬ್ಲೇಡ್ ಬದಲಿಸುವ ಕತ್ತಿಯನ್ನೇ ತಗೊಳ್ಳಿ, ಕೆಲವರು ಇದನ್ನು ಶಾವೆಟ್ ಅಂತಾರೆ. ನಿಮ್ಮ ಮಡಚುವ ಕತ್ತಿ ಮನೆಯಲ್ಲೇ ಇರಲಿ. ಆ ಕತ್ತಿಯನ್ನು ನಾನು ಇಷ್ಟಪಡುತ್ತೇನೆ, ಅದರ ತೂಕ, ಅದು ಕೂದಲಿನ ಮೇಲೆ ಹೋಗುವ ಹದ ಬೇರೆಯದರಲ್ಲಿ ಸಿಗುವುದಿಲ್ಲ. ಆದರೂ ಗಿರಾಕಿಯಿಂದ ಗಿರಾಕಿಗೆ ಅದನ್ನು ಬಳಸುವುದು ಸರಿಯಲ್ಲ. ಲಿವರ್‌ಗೆ ರೋಗ ತರುವ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ, ದೇಹದ ಹೊರಗೆ, ಕನಿಷ್ಠ 7 ದಿನ ಜೀವಂತವಾಗಿ ಇರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಕತ್ತಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದ ಮಾತ್ರಕ್ಕೆ ಅದು ಕ್ರಿಮಿಮುಕ್ತ ಆಗುವುದಿಲ್ಲ. ಆಟೊಕ್ಲೇವ್‌ನಲ್ಲಿ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರದಲ್ಲಿ, 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕಾಲು ಗಂಟೆಯಾದರೂ ಇಡಬೇಕು. ಹಬೆಗೆ ಕಾರ್ಬನ್ ಸ್ಟೀಲಿನ ಅಲಗು ತುಕ್ಕು ಹಿಡಿಯುತ್ತದೆ. ಅದೂ ಆಯಿತು ಅಂದುಕೊಳ್ಳಿ. ಕ್ರಿಮಿ ಕಳೆದ ಕತ್ತಿಯನ್ನು ಮತ್ತೆ ಚರ್ಮದ ಪಟ್ಟಿಗೆ ತೀಡಬೇಕಲ್ವಾ? ಆ ಪಟ್ಟಿಯನ್ನು ಎಲ್ಲಿ ಕುದಿಸುತ್ತೀರಿ? ಹಿಂದಿನವರ ಮುಖದಿಂದ ಬಂದದ್ದೆಲ್ಲ ಅದರಲ್ಲೇ ಇರುತ್ತದೆ. ಹಾಗಾಗಿಯೇ ಎಷ್ಟೋ ಕಡೆ ಅಂಗಡಿಗಳಲ್ಲಿ ಇಂಥ ಕತ್ತಿಯನ್ನು ಕಾನೂನೇ ಒಪ್ಪುವುದಿಲ್ಲ. ನೀವಿರುವ ಕಡೆ ನಿಯಮ ಏನಿದೆ, ಶೇವಿಂಗ್‌ಗೆ ಬೇರೆ ಪರವಾನಗಿ ಬೇಕಾ ಅಂತ ಕತ್ತಿ ಕೊಳ್ಳುವ ಮೊದಲೇ ವಿಚಾರಿಸಿ. ಅಂಗಡಿಗೆ ವಿಮೆ ಇದ್ದರೆ ಅದರಲ್ಲಿ ಕತ್ತಿ ಶೇವಿಂಗ್ ಸೇರಿದೆಯಾ ಅಂತಲೂ ಕೇಳಿ. ಕಟಿಂಗ್‌ಗೆ ಮಾತ್ರ ಮಾಡಿಸಿದ ವಿಮೆ ಇದಕ್ಕೆ ಬರದೇ ಹೋಗಬಹುದು.

ಒಂದು ತಮಾಷೆ ನೋಡಿ. ಎರಡೂ ಕಡೆ ಅಲಗಿರುವ ತೆಳು ಬ್ಲೇಡಿನ ಸೇಫ್ಟಿ ರೇಜರ್‌ಗೆ ಅಮೆರಿಕದ ಕಿಂಗ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದದ್ದು ಜನ ಮನೆಯಲ್ಲೇ ಆರಾಮಾಗಿ ಗಡ್ಡ ತೆಗೆದುಕೊಳ್ಳಲಿ ಅಂತ. ಅಂಗಡಿಗಳ ಶೇವಿಂಗ್ ವ್ಯಾಪಾರಕ್ಕೆ ಅದರಿಂದ ದೊಡ್ಡ ಪೆಟ್ಟೇ ಬಿತ್ತು. ಈಗ ಅದೇ ಬ್ಲೇಡನ್ನು ಅರ್ಧಕ್ಕೆ ಮುರಿದು ನಾವು ಕತ್ತಿಗೆ ಹಾಕಿಕೊಂಡು ದುಡಿಯುತ್ತಿದ್ದೇವೆ.

ಬ್ಲೇಡ್ ಕತ್ತಿಗೆ ಬಂದಾಗ ನಿಮಗೆ ಮೊದಲ ಅಚ್ಚರಿ ಅದರ ಹಗುರ. ಮಡಚುವ ಕತ್ತಿಯಲ್ಲಿ ಅಲಗಿನ ತೂಕವೇ ಅರ್ಧ ಕೆಲಸ ಮಾಡುತ್ತದೆ. ಇದರಲ್ಲಿ ತೂಕ ಇಲ್ಲ ಅಂತ ಗೊತ್ತಿಲ್ಲದೇ ಒತ್ತುತ್ತೀರಿ. ಎರಡನೆಯದು ಬ್ಲೇಡಿನ ಎರಡು ಮೂಲೆ. ನಿಮ್ಮ ಕತ್ತಿಯ ತುದಿ ದುಂಡಗಿದ್ದರೆ ಅದು ಎಷ್ಟೋ ತಪ್ಪು ಕ್ಷಮಿಸುತ್ತದೆ. ಮುರಿದ ಬ್ಲೇಡಿನ ಮೂಲೆ ಕ್ಷಮಿಸುವುದಿಲ್ಲ, ಮೊದಲು ಚರ್ಮಕ್ಕೆ ತಾಗಿದರೆ ಸೀದಾ ಒಳಗೆ ಹೋಗುತ್ತದೆ. ಗಾಯಗಳಲ್ಲಿ ಬಹುಪಾಲು ಆಗುವುದು ಈ ಮೂಲೆಯಿಂದಲೇ. ಸ್ವಲ್ಪ ಜಾಸ್ತಿ ದುಡ್ಡು ಹಾಕುವ ಹಾಗಿದ್ದರೆ ದಪ್ಪ, ಉದ್ದ ಬ್ಲೇಡ್ ಕೂರುವ ಜಪಾನಿ ನಮೂನೆಯ ಕತ್ತಿ ತಗೊಳ್ಳಿ. ಫೆದರ್ ಕಂಪನಿ ಇದಕ್ಕೆ ಪ್ರೊಗಾರ್ಡ್ ಅನ್ನೋ ಬ್ಲೇಡ್ ಮಾಡುತ್ತದೆ. ಅದರ ಅಲಗಿನ ಮೇಲೆ ಸಣ್ಣ ತಂತಿ ಸುತ್ತಿದಂಥ ತಡೆ ಇರುತ್ತದೆ. ಕಲಿಯುವಾಗ ಅದು ತುಂಬಾ ಕಾಪಾಡುತ್ತದೆ. ಬ್ಲೇಡ್ ಮುರಿಯುವವರಾದರೆ ಕಾಗದದ ಹೊದಿಕೆ ಬಿಚ್ಚದೆ, ಹೊದಿಕೆ ಸಮೇತ ಮುರಿಯಿರಿ. ಬೆರಳೂ ಉಳಿಯುತ್ತದೆ, ಅಲಗೂ ಕೆಡುವುದಿಲ್ಲ. ಪ್ರತಿ ಗಿರಾಕಿಗೂ ಹೊಸ ಬ್ಲೇಡ್, ಅದನ್ನು ಅವರ ಕಣ್ಣ ಮುಂದೆಯೇ ಹಾಕಿ. ಹಳೆಯದು ಗಟ್ಟಿ ಡಬ್ಬಿಗೆ, ಕಸದ ಬುಟ್ಟಿಗಲ್ಲ. ಕಸ ಎತ್ತುವವರ ಕೈ ಕುಯ್ಯಬಾರದು.

ಈಗ ಎಡಗೈಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕತ್ತಿ ಕೂದಲನ್ನು ಕತ್ತರಿಸಬೇಕಾದರೆ ಕೆಳಗಿನ ಚರ್ಮ ಬಿಗಿಯಾಗಿ, ಸಮವಾಗಿ ಇರಬೇಕು. ಸಡಿಲ ಚರ್ಮ ಅಲಗಿನ ಮುಂದೆ ಸಣ್ಣ ಮಡಿಕೆಯಾಗಿ ಏಳುತ್ತದೆ, ಅಲಗು ಆ ಮಡಿಕೆಯನ್ನೇ ಕಚ್ಚುತ್ತದೆ. ಅದಕ್ಕೆ ಎಡಗೈ ಬೆರಳುಗಳು ಕತ್ತಿಯ ಹಿಂದೆ ನಿಂತು, ಕತ್ತಿ ಹೋಗುವ ದಿಕ್ಕಿಗೆ ವಿರುದ್ಧವಾಗಿ ಚರ್ಮವನ್ನು ಎಳೆದು ಹಿಡಿಯುತ್ತವೆ. ಕತ್ತಿ ಕೆಳಗೆ ಬಂದರೆ ಬೆರಳು ಮೇಲಕ್ಕೆ ಎಳೆಯುತ್ತದೆ. ಕತ್ತಿ ಹೋಗುವ ದಾರಿಯಲ್ಲಿ, ಅಲಗಿನ ಮುಂದೆ ಬೆರಳು ಎಂದೂ ಬರಬಾರದು. ನೊರೆ ಮೇಲೆ ಬೆರಳು ಜಾರುತ್ತದೆ. ಹಾಗಾಗಿ ಹಿಡಿಯುವ ಜಾಗದ ನೊರೆ ಒರೆಸಿ, ಬೆರಳ ತುದಿಯಲ್ಲಿ ಒಣ ಟಿಶ್ಯೂ ಇಟ್ಟುಕೊಂಡು ಹಿಡಿಯಿರಿ. ಕತ್ತಿ ಒಂದು ಅಂಗುಲ ಸರಿದರೆ ಬೆರಳೂ ಸರಿಯಬೇಕು. ಹೊಸಬರು ಒಂದೇ ಕಡೆ ಬೆರಳು ಊರಿ ಇಡೀ ಕೆನ್ನೆ ಮುಗಿಸೋಕೆ ನೋಡುತ್ತಾರೆ. ಮೊದಲ ಎಳೆತಕ್ಕೆ ಬಿಗಿಯಾಗಿದ್ದ ಚರ್ಮ ಮೂರನೆಯದಕ್ಕೆ ಸಡಿಲವಾಗಿರುತ್ತದೆ.

ದವಡೆಯ ಮೂಲೆ, ಕಿವಿಯ ಕೆಳಗಿನ ಜಾಗ ತಗೊಳ್ಳಿ. ಅಲ್ಲಿ ಎಲುಬಿನ ಅಂಚು ಎದ್ದಿರುತ್ತದೆ, ಅದರ ಕೆಳಗೆ ಗುಳಿ. ಕತ್ತಿಯನ್ನು ಆ ಅಂಚಿನ ಮೇಲೆ ಓಡಿಸಿದರೆ ಅಲಗಿನ ಮಧ್ಯದ ಒಂದು ಚುಕ್ಕೆ ಮಾತ್ರ ತಾಗುತ್ತದೆ, ಎಲ್ಲ ಒತ್ತಡ ಅಲ್ಲೇ ಬೀಳುತ್ತದೆ. ಎಲುಬಿನ ಮೇಲೆ ಕತ್ತಿ ಒಯ್ಯಬೇಡಿ, ಎಲುಬಿನ ಮೇಲಿನ ಚರ್ಮವನ್ನೇ ಬೇರೆ ಕಡೆ ತನ್ನಿ. ಗಿರಾಕಿಯ ಮುಖ ಆಚೆ ತಿರುಗಿಸಿ, ಬೆರಳಿನಿಂದ ಆ ಚರ್ಮವನ್ನು ಕೆನ್ನೆ ಕಡೆಗೆ ಎಳೆಯಿರಿ. ದವಡೆಯ ಕೆಳಗಿದ್ದ ಕೂದಲು ಈಗ ಕೆನ್ನೆಯ ಸಮತಟ್ಟು ಜಾಗಕ್ಕೆ ಬಂದಿರುತ್ತದೆ. ಅಲ್ಲಿ ಸಣ್ಣ ಸಣ್ಣ ಎಳೆತದಲ್ಲಿ ತೆಗೆಯಿರಿ. ಗಂಟಲ ಮುಂದೆ ಉಬ್ಬಿರುವ ಗಂಟಿಗೂ ಇದೇ ಉಪಾಯ. ಗಂಟಿನ ಮೇಲೆ ಕತ್ತಿ ಹೋಗಬಾರದು. ಚರ್ಮವನ್ನು ಪಕ್ಕಕ್ಕೆ ಸರಿಸಿಕೊಂಡು ಅಲ್ಲಿ ತೆಗೆದು ಬಿಟ್ಟುಬಿಡಿ. ಗಿರಾಕಿ ಎಂಜಲು ನುಂಗಿದರೆ ಆ ಗಂಟು ಮೇಲೆ ಕೆಳಗೆ ಹೋಗುತ್ತದೆ. ಹಾಗಾಗಿ ಅಲ್ಲಿಗೆ ಹೋಗುವ ಮೊದಲು "ಒಂದು ಸಲ ನುಂಗಿಕೊಂಡು ಬಿಡಿ" ಅಂತ ಹೇಳಿ, ಆಮೇಲೆ ಕತ್ತಿ ಇಡಿ.

ವಯಸ್ಸಾದವರ ಕುತ್ತಿಗೆಯಲ್ಲಿ ಚರ್ಮ ತೆಳುವಾಗಿ ಜೋತು ಬಿದ್ದಿರುತ್ತದೆ. ಅಲ್ಲಿ ಒಂದೇ ಕಡೆ ಎಳೆದರೆ ಸಾಲದು, ಹೆಬ್ಬೆರಳು ಒಂದು ಕಡೆ, ತೋರುಬೆರಳು ಇನ್ನೊಂದು ಕಡೆ ಹರಡಿ ಹಿಡಿಯಬೇಕು. ಇಪ್ಪತ್ತರ ಹುಡುಗನ ಕೆನ್ನೆ ಯಾರ ಕೈಗಾದರೂ ಸಿಗುತ್ತದೆ. ಅಜ್ಜನ ಕುತ್ತಿಗೆಯಲ್ಲಿ ಕೆಲಸಗಾರ ಯಾರು ಅಂತ ಗೊತ್ತಾಗುತ್ತದೆ.

ಕತ್ತಿ ಹಿಡಿಯುವ ಕೈಯ ಬಗ್ಗೆ ನಿಮಗೆ ಬೇಸಿಕ್ ಗೊತ್ತಿರುವುದರಿಂದ ಬೇಗ ಹೇಳುತ್ತೇನೆ. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ಇರಲಿ. ಅದಕ್ಕಿಂತ ಎದ್ದು ನಿಂತರೆ ಕೆರೆಯುತ್ತದೆ, ತೀರಾ ಮಲಗಿದರೆ ಕೂದಲನ್ನು ಕಿತ್ತ ಹಾಗೆ ಎಳೆಯುತ್ತದೆ. ಎಳೆತ ಚಿಕ್ಕದಿರಲಿ. ಅಲಗನ್ನು ಅದರ ಉದ್ದಕ್ಕೆ, ಪಕ್ಕಕ್ಕೆ, ಕೂದಲೆಳೆಯಷ್ಟೂ ಜಾರಿಸಬೇಡಿ. ಈರುಳ್ಳಿ ಹೆಚ್ಚುವಾಗ ಚಾಕು ಹಿಂದೆ ಮುಂದೆ ಓಡುವ ಹಾಗೆ ಕತ್ತಿ ಓಡಿದರೆ ಗಾಯ ಗ್ಯಾರಂಟಿ. ಇನ್ನೊಂದು, ಕತ್ತಿ ಹಿಡಿದ ಕೈಯ ಕಿರುಬೆರಳೋ ಅಂಗೈ ಅಂಚೋ ಗಿರಾಕಿಯ ಮುಖಕ್ಕೆ ಹಗುರಾಗಿ ಆನಿಕೊಂಡಿರಲಿ. ಅವರು ತಟ್ಟನೆ ಅಲುಗಿದರೆ ನಿಮ್ಮ ಕೈ ಮುಖದ ಜೊತೆಗೇ ಅಲುಗುತ್ತದೆ. ಕೈ ಗಾಳಿಯಲ್ಲಿ ತೇಲುತ್ತಿದ್ದರೆ ಮುಖವೇ ಬಂದು ಅಲಗಿಗೆ ತಾಗುತ್ತದೆ. ಕೆಮ್ಮು, ಸೀನು ಬರುವ ಹಾಗಾದರೆ ಕೈ ಎತ್ತಿ ತೋರಿಸಿ ಅಂತ ಶುರುವಿನಲ್ಲೇ ಹೇಳಿಡಿ. ಮಾತಾಡುವಾಗ ಕತ್ತಿ ಎತ್ತಿ. ನೀವು ಮಾತಾಡುವಾಗಲೂ ಸರಿ, ಅವರು ಮಾತಾಡುವಾಗಲೂ ಸರಿ.

ಶಬ್ದ ಕೇಳಿಸಿಕೊಳ್ಳಿ. ಕೋನ ಸರಿಯಿದ್ದು ಕೂದಲು ನೆನೆದಿದ್ದರೆ ಸಣ್ಣಗೆ ಒಂದೇ ಸಮನೆ ಚರಚರ ಅನ್ನುತ್ತದೆ. ಶಬ್ದ ಒರಟಾಗಿ ಕೆರೆದ ಹಾಗಾದರೆ ನೊರೆ ಒಣಗಿದೆ ಅಥವಾ ಅಲಗು ಎದ್ದು ನಿಂತಿದೆ. ಶಬ್ದವೇ ಇಲ್ಲ ಅಂದರೆ ಬರೀ ನೊರೆ ತೆಗೆಯುತ್ತಿದ್ದೀರಿ. ಕಲಿಯುವ ದಿನಗಳಲ್ಲಿ ಹಾಡು ಹಾಕಬೇಡಿ.

ಗಡ್ಡ ಓದುವುದನ್ನು ಯಾರೂ ಸರಿಯಾಗಿ ಕಲಿಸುವುದಿಲ್ಲ, ಅದೇ ಬೇಜಾರು. ನೊರೆ ಹಚ್ಚುವ ಮೊದಲು ಒಣ ಮುಖದ ಮೇಲೆ ಬೆರಳ ತುದಿ ಆಡಿಸಿ. ನುಣುಪಾಗಿ ಹೋದ ದಿಕ್ಕಿಗೆ ಕೂದಲು ಮಲಗಿದೆ, ತಡೆದ ದಿಕ್ಕು ಎದುರು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಗೆ ಬಂದರೆ ಆಟ ಬದಲಾಗುತ್ತದೆ. ಕೆಲವರಿಗೆ ಮೇಲ್ಮುಖ, ಕೆಲವರಿಗೆ ಕಿವಿ ಕಡೆಗೆ ಅಡ್ಡ, ಇನ್ನು ಕೆಲವರಿಗೆ ಗಂಟಲಿನ ಎರಡೂ ಪಕ್ಕ ಸುಳಿ. ಎಡ ಬಲ ಒಂದೇ ರೀತಿ ಇರಲೇಬೇಕು ಅಂತಲೂ ಇಲ್ಲ. ಕುತ್ತಿಗೆಯಲ್ಲೂ ಮೇಲಿಂದ ಕೆಳಗೆ ಕತ್ತಿ ಎಳೆದವರು ಅರ್ಧ ಜನಕ್ಕೆ ಎದುರು ಶೇವಿಂಗ್ ಮಾಡಿದ್ದಾರೆ, ಅವರಿಗೇ ಗೊತ್ತಿಲ್ಲದೆ. ಆಮೇಲೆ ಕುತ್ತಿಗೆ ಕೆಂಪಾದರೆ ಬ್ಲೇಡಿಗೆ ಬೈಯುತ್ತಾರೆ. ಮತ್ತೆ ಬರುವ ಗಿರಾಕಿಗೆ ಒಂದು ಚೀಟಿ ಮಾಡಿ, ಮುಖದ ಗೆರೆಚಿತ್ರದಲ್ಲಿ ನಾಲ್ಕು ಬಾಣ ಹಾಕಿಟ್ಟರೆ ಸಾಕು.

ಬಾರ್ಬರ್ ತರಬೇತಿಯಲ್ಲಿ ಮುಖವನ್ನು 14 ಭಾಗ ಮಾಡಿ, ಒಂದೊಂದು ಭಾಗಕ್ಕೂ ಕತ್ತಿ ಹಿಡಿಯುವ ರೀತಿ ಮತ್ತು ಎಳೆಯುವ ದಿಕ್ಕು ಗೊತ್ತು ಮಾಡಿರುತ್ತಾರೆ. ಬಲಗೈಯವರು ಗಿರಾಕಿಯ ಬಲಗಡೆ ನಿಂತು ಬಲಗಿವಿಯ ಮುಂದಿನ ಕೂದಲಿನಿಂದ ಶುರು ಮಾಡುತ್ತಾರೆ. ಅಂಗೈ ನಿಮ್ಮ ಕಡೆ ಇಟ್ಟು ಎಳೆಯುವುದು ಒಂದು ಹಿಡಿತ, ಮಣಿಕಟ್ಟು ತಿರುಗಿಸಿ ನಿಮ್ಮಿಂದ ಆಚೆಗೆ ಎಳೆಯುವುದು ಇನ್ನೊಂದು, ಕೆಳಗಿಂದ ಮೇಲಕ್ಕೆ ಬರುವುದು ಮತ್ತೊಂದು. ಈ ಕ್ರಮ ಬಾಯಿಪಾಠ ಮಾಡಿ. ಕ್ರಮ ದೊಡ್ಡ ರಹಸ್ಯ ಅಂತಲ್ಲ. ಮುಂದೆ ಎಲ್ಲಿಗೆ ಹೋಗಬೇಕು ಅಂತ ಯೋಚಿಸುತ್ತಾ ಕತ್ತಿ ಹಿಡಿದು ನಿಂತರೆ ನೊರೆ ಒಣಗುತ್ತದೆ, ಗಿರಾಕಿಗೂ ನಿಮ್ಮ ಅನುಮಾನ ಗೊತ್ತಾಗುತ್ತದೆ.

ಬಲೂನು ವಿಷಯಕ್ಕೆ ಬರ್ತೀನಿ. ಬಲೂನಿಗೆ ನೊರೆ ಹಚ್ಚಿ ಒಡೆಯದ ಹಾಗೆ ಕತ್ತಿ ಓಡಿಸುವುದು ಒತ್ತಡ ಕಡಿಮೆ ಮಾಡೋಕೆ, ಮೂಲೆ ತಾಗಿಸದೆ ಇರೋಕೆ ಚೆನ್ನಾಗಿ ಕಲಿಸುತ್ತದೆ. ಒಂದೆರಡು ಸಂಜೆ ಮಾಡಿ. ಆಮೇಲೆ ನಿಲ್ಲಿಸಿ. ಬಲೂನಿನ ಮೈ ಮೊದಲೇ ಬಿಗಿಯಾಗಿರುತ್ತದೆ, ಎಡಗೈಗೆ ಅಲ್ಲಿ ಕೆಲಸವೇ ಇಲ್ಲ. ದವಡೆ ಇಲ್ಲ, ಗುಳಿ ಇಲ್ಲ, ಕೂದಲೂ ಇಲ್ಲ. ಬಲೂನಿನಲ್ಲೇ ತಿಂಗಳು ಕಳೆದವರು ಬಲೂನು ಶೇವ್ ಮಾಡೋದರಲ್ಲಿ ಗಟ್ಟಿಗರಾಗುತ್ತಾರೆ, ಅಷ್ಟೇ.

ನಾನು ಹೇಳುವ ಅಭ್ಯಾಸ ಇದು. ಕತ್ತಿಗೆ ಬ್ಲೇಡ್ ಹಾಕದೆ, ನಿಜವಾದ ಮನುಷ್ಯನಿಗೆ ಪೂರ್ತಿ ಶೇವಿಂಗ್ ಮಾಡಿ. ಟವೆಲ್, ನೊರೆ, 14 ಭಾಗ, ಎಡಗೈ ಎಳೆತ, ನಿಲ್ಲುವ ಜಾಗ, ಎಲ್ಲ. ಸ್ನೇಹಿತರು, ಅಣ್ಣತಮ್ಮಂದಿರು ಇದಕ್ಕೆ ಖುಷಿಯಾಗಿ ಒಪ್ಪುತ್ತಾರೆ, ಗಾಯದ ಭಯ ಇಲ್ವಲ್ಲ. ಯೋಚಿಸದೆ ಕೈ ತಾನಾಗಿ ಸಾಗುವವರೆಗೆ ಇದನ್ನೇ ಮಾಡಿ. ಜೊತೆಗೆ ನಿಮ್ಮ ಹತ್ತಿರ ಬೇರೆಯವರಿಗಿಲ್ಲದ ಒಂದು ಅನುಕೂಲ ಇದೆ. ದಿನವೂ ಕಟಿಂಗ್ ಮಾಡುತ್ತೀರಿ. ಕಟಿಂಗ್ ಆದ ಮೇಲೆ ಕುತ್ತಿಗೆಯ ಹಿಂಭಾಗ, ಕಿವಿಯ ಸುತ್ತ ಟ್ರಿಮ್ಮರ್ ಬದಲು, ಗಿರಾಕಿಯನ್ನು ಕೇಳಿಕೊಂಡು, ಹೊಸ ಬ್ಲೇಡಿನ ಕತ್ತಿ ಬಳಸಿ. ಚಿಕ್ಕ ಜಾಗ, ಬೇರೆ ಬೇರೆ ಚರ್ಮ, ದಿನಕ್ಕೆ ಹಲವು ಸಲ. ಇದಕ್ಕಿಂತ ಒಳ್ಳೇ ಶಾಲೆ ಇಲ್ಲ.

ಆಮೇಲೆ ಮುಖ. ಮೊದಲು ಕೆನ್ನೆ ಎರಡು ಮಾತ್ರ ಕತ್ತಿಯಲ್ಲಿ ತೆಗೆದು, ಉಳಿದದ್ದನ್ನು ಒಮ್ಮೆ ಬಳಸಿ ಎಸೆಯುವ ಮಾಮೂಲಿ ರೇಜರ್‌ನಲ್ಲಿ ಮುಗಿಸಿ. ಕೆನ್ನೆಯಲ್ಲಿ ಧೈರ್ಯ ಬಂದ ಮೇಲೆ ದವಡೆ, ಕುತ್ತಿಗೆ. ಮೇಲ್ದುಟಿ ಮತ್ತು ಗದ್ದ ಕೊನೆಗೆ. ಗದ್ದದಲ್ಲಿ ಕೂದಲು ದಪ್ಪ, ದಿಕ್ಕು ಗೊಂದಲ, ಜಾಗ ಗುಂಡಗೆ, ಕಷ್ಟವೆಲ್ಲ ಒಟ್ಟಿಗೆ ಸೇರಿದೆ. ನೇರ ಕೂದಲಿನವರು, ಗುಂಗುರು ಗಡ್ಡದವರು, ಒರಟು ಗಡ್ಡದವರು, ವಯಸ್ಸಾದವರು ಎಲ್ಲರೂ ನಿಮ್ಮ ಅಭ್ಯಾಸದಲ್ಲಿ ಬರಲಿ. ಒಬ್ಬನೇ ತಮ್ಮನನ್ನು ಇಪ್ಪತ್ತು ಸಲ ಕೂರಿಸಿದರೆ ತಮ್ಮನ ಮುಖ ಮಾತ್ರ ಕಲಿತಂತೆ. ಆಗುವುದಾದರೆ ಕೆಲಸ ಬಲ್ಲ ಒಬ್ಬರ ಕುರ್ಚಿಯಲ್ಲಿ ದುಡ್ಡು ಕೊಟ್ಟು ಕೂತು ಶೇವಿಂಗ್ ಮಾಡಿಸಿಕೊಳ್ಳಿ. ಅವರ ಎಡಗೈ ನಿಮ್ಮ ಚರ್ಮವನ್ನು ಎಷ್ಟು ಬಲವಾಗಿ ಹಿಡಿಯುತ್ತದೆ ಅನ್ನುವುದು ವಿಡಿಯೋದಲ್ಲಿ ಕಾಣುವುದಿಲ್ಲ, ಮುಖಕ್ಕೇ ಗೊತ್ತಾಗಬೇಕು.

ಮುಂಚಿನ ತಯಾರಿ ಬರೀ ಐಷಾರಾಮ ಅಂತ ಕೆಲವರು ತಿಳಿದಿದ್ದಾರೆ. ಒಣಗಿದ ಗಡ್ಡದ ಕೂದಲು ಬಲು ಗಟ್ಟಿ. ಕೆಲವು ನಿಮಿಷ ಬೆಚ್ಚನೆ ನೀರು ಹೀರಿದರೆ ಉಬ್ಬಿ ಮೆತ್ತಗಾಗುತ್ತದೆ, ಕತ್ತರಿಸೋಕೆ ಬೇಕಾಗುವ ಬಲ ತುಂಬಾ ಇಳಿಯುತ್ತದೆ. ಮೊದಲು ಮುಖ ತೊಳೆದು ಎಣ್ಣೆ ಅಂಶ ತೆಗೆಯಿರಿ. ಟವೆಲ್ ಹಿಂಡಿ, ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡಿ. ನಿಮಗೆ ಸುಟ್ಟರೆ ಅವರಿಗೂ ಸುಡುತ್ತದೆ. ಮೂಗು ಬಿಟ್ಟು ಸುತ್ತಿ, ಎರಡು ಮೂರು ನಿಮಿಷ ಸಾಕು. ನೊರೆ ಮಾಡುವುದು ಆ ನೀರು ಆರದಂತೆ ಹಿಡಿದಿಡೋಕೆ. ಹಾಗಾಗಿ ನೊರೆ ನೀರುನೀರಾಗಿ, ಹೊಳೆಯುವಂತೆ ಇರಲಿ. ಗಾಳಿ ತುಂಬಿದ ಗುಡ್ಡೆ ನೊರೆ ಫೋಟೋಗೆ ಚಂದ. ಬ್ರಷ್ ಸಿಂಥೆಟಿಕ್ ಆಗಿರಲಿ, ತೊಳೆದು ಕ್ರಿಮಿನಾಶಕದಲ್ಲಿ ಅದ್ದೋಕೆ ಅದೇ ಸುಲಭ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಶೇವಿಂಗ್ ಬ್ರಷ್‌ಗಳಿಂದ ಆಂಥ್ರಾಕ್ಸ್ ಅನ್ನೋ ಮಾರಕ ಸೋಂಕು ತಗುಲಿ ಸೈನಿಕರು ಸತ್ತದ್ದುಂಟು. ಬ್ರಷ್ಷನ್ನು ಹಗುರಾಗಿ ತಗೊಳ್ಳಬೇಡಿ. ಸ್ಪಿರಿಟ್ ಕೊಳ್ಳುವಾಗ 70 ಶೇಕಡಾದ್ದು ತಗೊಳ್ಳಿ. ಶುದ್ಧ ಸ್ಪಿರಿಟ್ ಬೇಗ ಆರಿಹೋಗುತ್ತದೆ, ಕ್ರಿಮಿ ಕೊಲ್ಲೋಕೆ ಜೊತೆಯಲ್ಲಿ ಸ್ವಲ್ಪ ನೀರು ಬೇಕೇ ಬೇಕು.

ಎಷ್ಟು ಸುತ್ತು? ಕೂದಲು ಮಲಗಿದ ದಿಕ್ಕಿಗೆ ಒಂದು, ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಒಂದು. ಅಷ್ಟೇ ಮಾಡಿ. ಎದುರು ಶೇವಿಂಗ್ ಕೇಳುವವರು ಇರುತ್ತಾರೆ, ಕೈಯಾಡಿಸಿದರೆ ಗಾಜಿನ ಹಾಗಿರಬೇಕು ಅನ್ನುತ್ತಾರೆ. ಕೆನ್ನೆಯಲ್ಲಿ ಪರವಾಗಿಲ್ಲ, ಕುತ್ತಿಗೆಯಲ್ಲಿ ಬೇಡ ಅನ್ನಿ. ಚರ್ಮ ಎಳೆದು ಎದುರು ತೆಗೆದಾಗ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗುತ್ತದೆ. ಅದರ ತುದಿ ಈಟಿಯಂತೆ ಚೂಪಾಗಿರುತ್ತದೆ. ಗುಂಗುರು ಕೂದಲಾದರೆ ಬೆಳೆಯುವಾಗ ಬಾಗಿ ಚರ್ಮಕ್ಕೇ ಚುಚ್ಚುತ್ತದೆ. ಮೂರನೇ ದಿನಕ್ಕೆ ಕೆಂಪು ಗುಳ್ಳೆ. ಇದು ಪದೇ ಪದೇ ಆಗುವವರಿಗೆ ಕತ್ತಿ ಶೇವಿಂಗ್ ಹೊಂದುವುದೇ ಇಲ್ಲ. ಟ್ರಿಮ್ಮರ್‌ನಲ್ಲಿ ಒಂದು ಮಿಲಿಮೀಟರ್ ಬಿಟ್ಟು ತೆಗೆಸಿಕೊಳ್ಳಿ ಅಂತ ಹೇಳಿ ಕಳಿಸುವುದೇ ಅವರಿಗೆ ನೀವು ಮಾಡುವ ಉಪಕಾರ.

ಬೇಡ ಅನ್ನೋದನ್ನು ಬೇರೆ ಸಂದರ್ಭದಲ್ಲೂ ಕಲಿಯಬೇಕು. ಕೀವು ತುಂಬಿದ ಮೊಡವೆ, ತುಟಿ ಪಕ್ಕ ನೀರುಗುಳ್ಳೆ, ಹುಳುಕಡ್ಡಿ ಥರದ ಸೋಂಕು, ಬಿಸಿಲಿಗೆ ಸುಟ್ಟ ಚರ್ಮ ಕಂಡರೆ ಆ ದಿನ ಶೇವಿಂಗ್ ಇಲ್ಲ. ನರಹುಲಿ ಇದ್ದವರಿಗೆ ಕತ್ತಿ ಓಡಿಸಿದರೆ ಒಂದರಿಂದ ಹತ್ತಾಗಿ ಮುಖದ ತುಂಬ ಹರಡಬಹುದು. ಕುರ್ಚಿಗೆ ಕೂರಿಸುವ ಮೊದಲು ಕೇಳಿ: ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ? ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ನಡೀತಿದೆಯಾ? ಮೊದಲಿನದಾದರೆ ಸಣ್ಣ ಗೀರೂ ಬೇಗ ನಿಲ್ಲುವುದಿಲ್ಲ. ಎರಡನೆಯದರಲ್ಲಿ ಚರ್ಮ ತೀರಾ ನಾಜೂಕಾಗಿರುತ್ತದೆ, ಸುಲಭವಾಗಿ ಸುಲಿಯುತ್ತದೆ. ಗಾಯ ಒಣಗಿದ ಮೇಲೆ ಗಂಟು ಕಟ್ಟುವ ಚರ್ಮದವರು, ಮೂರ್ಛೆ ಬರುವವರು ಇವರನ್ನೂ ಕೇಳಿ ತಿಳಿದುಕೊಳ್ಳಿ. ಮಚ್ಚೆ ಎಲ್ಲೆಲ್ಲಿವೆ ಅಂತ ನೊರೆ ಹಚ್ಚುವ ಮೊದಲೇ ನೋಡಿಡಿ. ನೊರೆಯ ಕೆಳಗೆ ಅವು ಕಾಣುವುದಿಲ್ಲ.

ರಕ್ತ ಬಂದರೆ? ಬರುತ್ತದೆ, ಯಾರ ಕೈಯಲ್ಲೂ ಬರುತ್ತದೆ. ಕತ್ತಿ ಪಕ್ಕಕ್ಕಿಡಿ. ಗಿರಾಕಿಗೆ ನೇರವಾಗಿ "ಒಂದು ಸಣ್ಣ ಗೀರಾಯಿತು" ಅಂತ ಹೇಳಿ. ಮುಚ್ಚಿಡೋಕೆ ಹೋಗಬೇಡಿ, ಕನ್ನಡಿ ಇದೆ. ಕೈಗೆ ಗ್ಲೌಸ್ ಮೊದಲೇ ಇರಬೇಕು, ಇಲ್ಲದಿದ್ದರೆ ಈಗ ಹಾಕಿ. ಶುಭ್ರವಾದ ಗಾಜ್ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಅರ್ಧ ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ, ನೋಡಿದಷ್ಟೂ ನಿಲ್ಲುವುದು ತಡ. ಸಣ್ಣ ಚುಕ್ಕೆ ರಕ್ತಕ್ಕೆ ಪಟಿಕದ ಪುಡಿಯನ್ನು ಹೊಸ ಹತ್ತಿಯಲ್ಲಿ ಹಚ್ಚಿ, ಹತ್ತಿ ಎಸೆಯಿರಿ. ಒಂದೇ ಪಟಿಕದ ಕಲ್ಲನ್ನು ಎಲ್ಲರ ಮುಖಕ್ಕೂ ಉಜ್ಜುವುದನ್ನು ಈಗಲೂ ನೋಡುತ್ತೇನೆ. ಬ್ಲೇಡ್ ಬದಲಿಸಿ ಕಲ್ಲು ಬದಲಿಸದಿದ್ದರೆ ಏನು ಬಂತು? ಹತ್ತು ನಿಮಿಷ ಒತ್ತಿದರೂ ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ ಡಾಕ್ಟರ ಹತ್ತಿರ ಕಳಿಸಿ.

ನಿಮ್ಮ ಕೈಗೇ ಬ್ಲೇಡ್ ತಾಗಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಸೋಪು ನೀರಲ್ಲಿ ತೊಳೆಯಿರಿ, ಹಿಂಡಬೇಡಿ. ಆ ಬ್ಲೇಡಿನಲ್ಲಿ ಗಿರಾಕಿಯ ರಕ್ತ ಇದ್ದಿರಬಹುದು ಅನ್ನಿಸಿದರೆ ಅವತ್ತೇ ಡಾಕ್ಟರನ್ನು ಕಾಣಿ. ಎಚ್‌ಐವಿ ತಡೆಯುವ ಔಷಧಿಯನ್ನು ಶುರು ಮಾಡಬೇಕಾದದ್ದು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ಈ ವಾರವೇ ಶುರು ಮಾಡಿ. ರೂಢಿಯಲ್ಲಿರುವ ಕ್ರಮ ಮೂರು ಡೋಸ್. ಮೊದಲನೆಯದಾದ ಮೇಲೆ ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಕೊನೆಯದು. ನೀವು ಕತ್ತಿ ಕೊಳ್ಳುವ ಮೊದಲು ಮಾಡಬೇಕಾದ ಖರ್ಚು ಇದು.

ಎಷ್ಟು ದಿನ ಅಂತ ಕೇಳಿದ್ದೀರಿ. ವಾರಕ್ಕೆ ಎರಡು ಮೂರು ಮುಖ ಸಿಕ್ಕರೆ ಮೂರು ನಾಲ್ಕು ತಿಂಗಳು ಅಂತ ಇಟ್ಟುಕೊಳ್ಳಿ. ನಿಮ್ಮ ಕತ್ತರಿ ಕೈ ಇದನ್ನು ಸ್ವಲ್ಪ ಬೇಗ ಮಾಡೀತು. ದಿನಕ್ಕಿಂತ ನನಗೆ ಬೇರೆ ಗುರುತು ಮುಖ್ಯ. ಪೂರ್ತಿ ಶೇವಿಂಗ್ ಮುಗಿದ ಮೇಲೆ ನಿಮ್ಮ ಬಲಗೈ ಸುಸ್ತಾಗಿದ್ದರೆ ಇನ್ನೂ ಒತ್ತುತ್ತಿದ್ದೀರಿ. ಎಡಗೈ ಸುಸ್ತಾಗಿದ್ದರೆ ದಾರಿಗೆ ಬಂದಿದ್ದೀರಿ. ಮಾರನೇ ದಿನ ಅವರಿಗೆ ಫೋನ್ ಮಾಡಿ ಕುತ್ತಿಗೆ ಹೇಗಿದೆ ಅಂತ ಕೇಳಿ. ಕುರ್ಚಿಯಿಂದ ಎದ್ದಾಗ ಎಲ್ಲರ ಮುಖವೂ ಚೆನ್ನಾಗಿಯೇ ಕಾಣುತ್ತದೆ, ಉರಿ ಗುಳ್ಳೆ ಗೊತ್ತಾಗೋದು ಮರುದಿನ.

ರೇಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಶುರುವಿನಲ್ಲಿ ಒಂದು ಶೇವಿಂಗ್‌ಗೆ ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯುತ್ತದೆ, ಕೈ ಕುದುರಿದ ಮೇಲೆ ಅರ್ಧ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಕುರ್ಚಿಯಲ್ಲಿ ಎಷ್ಟು ಕಟಿಂಗ್ ಆಗುತ್ತಿತ್ತೋ ಅದರ ಲೆಕ್ಕದಲ್ಲಿ ರೇಟ್ ಇಡಿ. ಕಟಿಂಗ್ ಜೊತೆ ಸುಮ್ನೆ ಅಗ್ಗಕ್ಕೆ ಸೇರಿಸಿದರೆ ಬೇಗ ಮುಗಿಸುವ ಆತುರ ಬರುತ್ತದೆ. ಆತುರದಲ್ಲಿ ಮೊದಲು ಸೋಮಾರಿಯಾಗುವುದು ಎಡಗೈ.

ದುಡ್ಡು ತಗೊಂಡು ಮಾಡುವ ಮೊದಲ ಶೇವಿಂಗ್‌ಗೆ ನೀವೇ ಗಿರಾಕಿಯನ್ನು ಆರಿಸಿಕೊಳ್ಳಿ. ಕುತ್ತಿಗೆಯ ಹಿಂದೆ ಎಷ್ಟೋ ಸಲ ಕತ್ತಿ ಆಡಿಸಿ ಚರ್ಮ ಪರಿಚಯ ಆಗಿರುವವರು, ನೇರ ಕೂದಲಿನವರು, ಗಡಿಯಾರ ನೋಡದವರು. ಎರಡು ಮೂರು ದಿನದ ಗಡ್ಡ ಇರಲಿ, ವಾರದ್ದಾದರೆ ಮೊದಲು ಟ್ರಿಮ್ಮರ್‌ನಲ್ಲಿ ಇಳಿಸಿಕೊಳ್ಳಿ. ರಜಾ ದಿನದ ಗದ್ದಲದಲ್ಲಿ ಬೇಡ, ಬೆಳಗಿನ ಮೊದಲ ಸರದಿ ಕೊಡಿ. ಅದರ ಹಿಂದೆಯೇ ಇನ್ನೊಬ್ಬರಿಗೆ ಟೈಮ್ ಕೊಡಬೇಡಿ, ಅರ್ಧ ಗಂಟೆ ಖಾಲಿ ಬಿಡಿ.